ಲೇಶ್ಯಾವೃಕ್ಷಕ್ಕೆ ಯಾವ ಬಣ್ಣ?

ಶ್ರಾವಕನಾದವನು ಉಣ್ಣುವ ಧಾನ್ಯವನ್ನು ಶೋಧಿಸಿ ಉಣ್ಣುತ್ತಾನೆ, ಕುಡಿಯುವ ನೀರನ್ನು ಸೋಸಿ ಕುಡಿಯುತ್ತಾನೆ, ಸೂರ್ಯಾಸ್ತದೊಳಗೆ ಊಟವನ್ನು ಮುಗಿಸುತ್ತಾನೆ. ಇವು ನಮ್ಮ ಮನೆಗಳಲ್ಲಿ ತಲೆತಲಾಂತರದಿಂದ ನಡೆದುಬಂದ ಆಚಾರಗಳು. ಆದರೆ ಮಗುವಿಗೆಂದು ಅಂಗಡಿಯಿಂದ ತಂದ ಬಣ್ಣದ ಪೆಟ್ಟಿಗೆಯನ್ನಾಗಲಿ, ಅದರೊಳಗಿನ ಕುಂಚವನ್ನಾಗಲಿ ಶೋಧಿಸಿ ನೋಡುವ ಅಭ್ಯಾಸ ನಮ್ಮಲ್ಲಿ ಇಲ್ಲ. ಚಿತ್ರವೆಂಬುದು ಕಣ್ಣಿನ ವಿಷಯ, ಹೊಟ್ಟೆಯ ವಿಷಯವಲ್ಲ ಎಂಬ ಭಾವನೆಯೇ ಇದಕ್ಕೆ ಕಾರಣವಿರಬೇಕು. ಕೆಲವು ವರ್ಷಗಳಿಂದ ಹವ್ಯಾಸಕ್ಕಾಗಿ ಬಣ್ಣಗಳೊಡನೆ ಒಡನಾಡುತ್ತಿರುವ ನನಗೆ ಈ ಭಾವನೆ ಪರೀಕ್ಷೆಗೆ ನಿಲ್ಲತಕ್ಕದ್ದಲ್ಲವೆಂದು ತೋರಿದುದರಿಂದ, ಅನುಭವಕ್ಕೆ ಬಂದ ಸಂಗತಿಗಳನ್ನು ವಾಚಕ ಬಂಧುಗಳ ಮುಂದೆ ಇಡುತ್ತಿದ್ದೇನೆ.

ಚಿತ್ರಕಲೆಯು ನಮ್ಮ ಪರಂಪರೆಗೆ ಹೊರಗಿನದಲ್ಲ. ಆದಿತೀರ್ಥಂಕರರು ತಮ್ಮ ಮಕ್ಕಳಿಗೆ ಒಬ್ಬೊಬ್ಬರಿಗೆ ಒಂದೊಂದು ವಿದ್ಯೆಯನ್ನು ಉಪದೇಶಿಸಿದಾಗ ಅನಂತವಿಜಯನಿಗೆ ಚಿತ್ರಕಲೆಯನ್ನು ಹೇಳಿಕೊಟ್ಟರೆಂದು ಜಿನಸೇನಾಚಾರ್ಯರ ಮಹಾಪುರಾಣದಲ್ಲಿದೆ. ಶ್ರೀಮತಿಯು ತನ್ನ ಪೂರ್ವಭವದ ವೃತ್ತಾಂತವನ್ನು ಪಟದ ಮೇಲೆ ಬರೆದು, ದಾದಿಯಾದ ಪಂಡಿತೆಯ ಕೈಯಲ್ಲಿ ಜಿನಾಲಯಕ್ಕೆ ಕಳುಹಿಸಿ ವಜ್ರಜಂಘನನ್ನು ಗುರುತಿಸಿದ ಕಥೆಯನ್ನು ಪಂಪನ ಓದುಗರು ಬಲ್ಲರು. ಮೂಡಬಿದಿರೆಯ ಧವಲಾದಿ ಸಿದ್ಧಾಂತ ಗ್ರಂಥಗಳ ತಾಳೆಗರಿಗಳಲ್ಲಿ 12ನೆಯ ಶತಮಾನದ ಹೊಯ್ಸಳರ ಕಾಲದ ವರ್ಣಚಿತ್ರಗಳಿವೆ. ತಮಿಳುನಾಡಿನ ಸಿತ್ತನ್ನವಾಸಲ್ ಗುಹೆಯ ಮಾಳಿಗೆಯ ಮೇಲಿನ ತಾವರೆಗೊಳವು ಸಮವಸರಣದ ಖಾತಿಕಾಭೂಮಿಯೆಂದು ವಿದ್ವಾಂಸರು ಗುರುತಿಸಿದ್ದಾರೆ. ಹೀಗಿರಲು ಕುಂಚ ಹಿಡಿದ ಶ್ರಾವಕನು ಸಂಕೋಚಪಡಬೇಕಾದ ಕಾರಣವಿಲ್ಲ. ವಿಚಾರಣೀಯವಾದುದು ಕುಂಚ ಯಾವುದರಿಂದ ಆಗಿದೆ ಎಂಬುದು.

ಜವಳಿ ಅಂಗಡಿಯ ಹೊಣೆಯನ್ನು ಮಕ್ಕಳಿಗೆ ವಹಿಸಿದ ಮೇಲೆ ನಾನು ಮೊದಲು ಬರೆದದ್ದು ಪೇಟೆಯಲ್ಲಿ ರಾಶಿ ಹಾಕಿದ ಚೆಂಡುಹೂವು, ಕುಂಕುಮ ಅರಿಸಿನದ ಗುಡ್ಡೆಗಳು, ಹಣ್ಣಿನ ತಳ್ಳುಗಾಡಿ, ರಥೋತ್ಸವದ ಬಾವುಟಗಳು. ನಲವತ್ತು ವರ್ಷ ಸೀರೆಗಳ ಬಣ್ಣವನ್ನು ಗಿರಾಕಿಗಳಿಗೆ ಬಿಡಿಸಿ ತೋರಿಸಿದವನಿಗೆ ಬಿಳಿ ಗೋಡೆ, ಬೂದು ಆಕಾಶಗಳು ರುಚಿಸುವುದಿಲ್ಲ. ಮಾಧ್ಯಮಗಳನ್ನೂ ಒಂದೊಂದಾಗಿ ಪ್ರಯೋಗಿಸಿದೆನು: ಜಲವರ್ಣ, ತೈಲವರ್ಣ, ಆಕ್ರಿಲಿಕ್, ಮಣ್ಣಿನ ಬಣ್ಣ. ಪ್ರತಿಯೊಂದು ಮಾಧ್ಯಮಕ್ಕೂ ತನ್ನದೇ ಆದ ಗುಣವಿರುವಂತೆ ತನ್ನದೇ ಆದ ಹಿಂಸೆಯೂ ಇದೆ ಎಂಬುದು ನಿಧಾನವಾಗಿ ಗೋಚರಿಸಿತು.

ಜಲವರ್ಣವು ನೋಡಲು ಅತ್ಯಂತ ನಿರುಪದ್ರವಿ. ಬಣ್ಣದ ಪುಡಿಯನ್ನು ಜಾಲಿಯ ಜಾತಿಯ ಮರದ ಅಂಟಿನಲ್ಲಿ ಅರೆದರೆ ಜಲವರ್ಣವಾಯಿತು. ಆದರೆ ಬಿಲ್ಲೆಯು ಒಣಗಿ ಬಿರಿಯದಿರಲೆಂದು ಕೆಲವು ತಯಾರಕರು ಜೇನುತುಪ್ಪವನ್ನು ಸೇರಿಸುತ್ತಾರೆ, ಅದನ್ನು ಹೆಮ್ಮೆಯಿಂದ ಪೆಟ್ಟಿಗೆಯ ಮೇಲೆಯೇ ಅಚ್ಚು ಹಾಕಿಸುವವರೂ ಉಂಟು. ಮದ್ಯ ಮಾಂಸಗಳೊಡನೆ ಮಧುವನ್ನೂ ತ್ಯಜಿಸಿ ಮೂಲಗುಣಗಳನ್ನು ಧರಿಸಿದವನು ಅದೇ ಮಧುವನ್ನು ಕುಂಚದ ತುದಿಯಲ್ಲಿ ಎತ್ತಿಕೊಳ್ಳುವುದು ವಿಚಿತ್ರವೇ ಸರಿ. ಬಣ್ಣವು ಕಾಗದದ ಮೇಲೆ ಸರಾಗವಾಗಿ ಹರಿಯಲೆಂದು ಎತ್ತಿನ ಪಿತ್ತರಸವನ್ನು ಬಳಸುವ ಪದ್ಧತಿಯೂ ಇದೆ. ಉತ್ತಮವೆನಿಸಿದ ಹಲವು ಜಲವರ್ಣದ ಕಾಗದಗಳಿಗೆ ಲೇಪಿಸಿರುವುದು ಪ್ರಾಣಿಗಳ ಚರ್ಮ ಮೂಳೆಗಳಿಂದ ತೆಗೆದ ಜೆಲಟಿನ್. ಗಂಜಿ ಅಥವಾ ರಾಸಾಯನಿಕ ಲೇಪದ ಹತ್ತಿಯ ಕೈಕಾಗದವು ದೊರೆಯುತ್ತದೆ. ಬಣ್ಣ ಅದರಲ್ಲಿ ತುಸು ಬೇಗ ಇಂಗುತ್ತದೆಯಾದರೂ ಅಭ್ಯಾಸದಿಂದ ಒಗ್ಗುತ್ತದೆ.

ತೈಲವರ್ಣದ ಎಣ್ಣೆಯು ಅಗಸೆಯದು, ತೆಳು ಮಾಡುವ ಟರ್ಪೆಂಟೈನ್ ದೇವದಾರು ಜಾತಿಯ ಮರದ್ದು. ದ್ರವ್ಯದಲ್ಲಿ ದೋಷ ಕಡಿಮೆ. ದೋಷವಿರುವುದು ಕಾಲದಲ್ಲಿ. ತೈಲವರ್ಣ ಒಣಗಲು ದಿನಗಳು ಬೇಕು. ಪರಿಚಿತರೊಬ್ಬರ ಮನೆಯಲ್ಲಿ ಮೊದಲ ಮಳೆ ಬಿದ್ದ ಮರುದಿನ ಬೆಳಿಗ್ಗೆ ದೀಪದ ಕೆಳಗೆ ನಿಲ್ಲಿಸಿದ್ದ ಚಿತ್ರವನ್ನು ಕಂಡಿದ್ದೇನೆ. ಹಳದಿ ಆಕಾಶದ ತುಂಬ ರೆಕ್ಕೆಯ ಗೆದ್ದಲುಗಳು ಅಂಟಿದ್ದವು, ಕೆಲವು ಇನ್ನೂ ಕಾಲಾಡಿಸುತ್ತಿದ್ದವು. ಅವರು ಸಣ್ಣ ಚಿಮಟದಿಂದ ಒಂದೊಂದನ್ನೇ ಕೀಳುತ್ತ, ಚಿತ್ರ ಹಾಳಾಯಿತೆಂದು ಮರುಗುತ್ತಿದ್ದರು. ರಾತ್ರಿಭೋಜನ ತ್ಯಾಗಕ್ಕೆ ನಮ್ಮ ಆಚಾರ್ಯರು ಕೊಟ್ಟ ಕಾರಣಗಳು ಅಂದು ನನಗೆ ಹೊಸದಾಗಿ ಅರ್ಥವಾದವು. ಚಾತುರ್ಮಾಸದ ನಾಲ್ಕು ತಿಂಗಳು ತೈಲವರ್ಣವನ್ನು ಮುಟ್ಟಬಾರದು, ಮಿಕ್ಕ ದಿನಗಳಲ್ಲಿ ಹಗಲಿನಲ್ಲಿಯೇ ಬರೆದು ಸಂಜೆಗೆ ಮುನ್ನ ಸೊಳ್ಳೆಪರದೆಯ ಬಟ್ಟೆಯನ್ನು ಬಿಗಿದ ಚೌಕಟ್ಟನ್ನು ಚಿತ್ರಕ್ಕೆ ತಾಗದಂತೆ ಮುಚ್ಚಬೇಕು ಎಂಬ ನಿಯಮವನ್ನು ಅಂದಿನಿಂದ ಇಟ್ಟುಕೊಂಡಿದ್ದೇನೆ. ಆಕ್ರಿಲಿಕ್ ಬಣ್ಣವು ಕಾಲು ಗಂಟೆಯೊಳಗೆ ಒಣಗುವುದರಿಂದ ಈ ದೋಷ ಅದಕ್ಕಿಲ್ಲ. ಅದು ಪ್ಲಾಸ್ಟಿಕ್ಕಿನ ಬಂಧು, ಕುಂಚ ತೊಳೆದ ನೀರು ಚರಂಡಿಗೆ ಹೋದರೆ ಜಲಚರಗಳಿಗೆ ಒಳ್ಳೆಯದಲ್ಲ. ನೀರನ್ನು ಬಕೆಟ್ಟಿನಲ್ಲಿ ನಿಲ್ಲಿಸಿ, ತಳಕ್ಕೆ ಇಳಿದ ಗಸಿಯನ್ನು ಕಾಗದದ ಮೇಲೆ ಒಣಗಿಸಿ ಕಸಕ್ಕೆ ಹಾಕುವುದು ಈಗ ರೂಢಿಯಾಗಿದೆ. ಮನೆಯವರಿಗೆ ಬಕೆಟ್ಟು ಸಿಗುತ್ತಿಲ್ಲವೆಂಬ ಆಕ್ಷೇಪಣೆ ಇದೆ.

ವಿಷಯವು ಇಷ್ಟಕ್ಕೆ ಮುಗಿಯುತ್ತಿತ್ತೇನೋ. ಆದರೆ ಕಳೆದ ವರ್ಷ ದಶಲಕ್ಷಣ ಪರ್ವಕ್ಕೆ ಮುನ್ನ ನಮ್ಮ ಬಸದಿಯ ಸಮಿತಿಯವರು, ಸ್ವಾಧ್ಯಾಯ ಮಂದಿರದಲ್ಲಿ ತೂಗುಹಾಕಲು ಲೇಶ್ಯಾವೃಕ್ಷದ ದೊಡ್ಡ ಪಟವೊಂದನ್ನು ಬರೆದುಕೊಡಬೇಕೆಂದು ಕೇಳಿದರು. ಶ್ರವಣಬೆಳಗೊಳದ ಜೈನ ಮಠದ ಗೋಡೆಯ ಮೇಲೆ ಈ ವೃಕ್ಷದ ಚಿತ್ರವಿರುವುದನ್ನು ಯಾತ್ರಿಕರು ನೋಡಿರುತ್ತಾರೆ. ಹಸಿದ ಆರು ಮಂದಿ ಹಣ್ಣು ತುಂಬಿದ ಮರವನ್ನು ಕಾಣುತ್ತಾರೆ. ಕೃಷ್ಣಲೇಶ್ಯೆಯವನು ಬುಡಸಹಿತ ಕೀಳಲು ಹೊರಡುತ್ತಾನೆ, ನೀಲಲೇಶ್ಯೆಯವನು ಕಾಂಡವನ್ನು, ಕಾಪೋತದವನು ದೊಡ್ಡ ಕೊಂಬೆಗಳನ್ನು, ಪೀತದವನು ಸಣ್ಣ ರೆಂಬೆಗಳನ್ನು ಕಡಿಯಬಯಸುತ್ತಾನೆ. ಪದ್ಮಲೇಶ್ಯೆಯವನಿಗೆ ಹಣ್ಣು ಕಿತ್ತರೆ ಸಾಕು. ಶುಕ್ಲಲೇಶ್ಯೆಯವನು ತಾನಾಗಿ ಉದುರಿದ ಹಣ್ಣನ್ನು ಆಯ್ದುಕೊಳ್ಳುತ್ತಾನೆ. ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ಗೊಮ್ಮಟಸಾರದಲ್ಲಿ ಈ ಲೇಶ್ಯೆಗಳ ವರ್ಣಕ್ಕೆ ದುಂಬಿ, ನೀಲಮಣಿ, ಪಾರಿವಾಳ, ಚಿನ್ನ, ತಾವರೆ, ಶಂಖ ಇವು ಉಪಮಾನಗಳಾಗಿ ಬಂದಿವೆ. ಶರೀರದ ಬಣ್ಣವಾದ ದ್ರವ್ಯಲೇಶ್ಯೆಯೇ ಬೇರೆ, ಕಷಾಯದಿಂದ ಬಣ್ಣಗಟ್ಟಿದ ಪ್ರವೃತ್ತಿಯಾದ ಭಾವಲೇಶ್ಯೆಯೇ ಬೇರೆ. ಕಪ್ಪು ಮೈಬಣ್ಣದವನನ್ನು ಕೃಷ್ಣಲೇಶ್ಯೆಯವನೆಂದು ಬಗೆಯುವುದು ಅಜ್ಞಾನ. ಆದಕಾರಣ ಮನುಷ್ಯರ ಮೈಗೆ ಒಂದೇ ಬಣ್ಣವನ್ನಿಟ್ಟು, ಉಡುಗೆಗೆ ಮಾತ್ರ ಆರು ಬಣ್ಣಗಳನ್ನು ಹಚ್ಚುವುದೆಂದು ನಿಶ್ಚಯಿಸಿದೆನು.

ಇಲ್ಲಿಂದ ತೊಡಕು ಪ್ರಾರಂಭವಾಯಿತು.

ದುಂಬಿಯ ಕಪ್ಪಿಗೆ ಚಿತ್ರಕಾರರು ಸಾಮಾನ್ಯವಾಗಿ ತೆಗೆದುಕೊಳ್ಳುವುದು ‘ಐವರಿ ಬ್ಲ್ಯಾಕ್’ ಎಂಬ ಬಣ್ಣವನ್ನು. ಹೆಸರೇ ಹೇಳುವಂತೆ ಹಿಂದೆ ಅದು ಆನೆಯ ದಂತವನ್ನು ಸುಟ್ಟು ಮಾಡಿದ ಮಸಿ. ಈಗ ದಂತದ ಬದಲು ದನಗಳ ಮೂಳೆಯನ್ನು ಸುಡುತ್ತಾರೆ, ಹೆಸರು ಮಾತ್ರ ಉಳಿದಿದೆ. ತಾವರೆಯ ಕೆಂಪಿಗೆ ಹಿಂದಿನಿಂದ ಹೆಸರಾದದ್ದು ಕಾರ್ಮೈನ್. ಅದು ಅಮೆರಿಕಾ ಖಂಡದ ಪಾಪಾಸುಕಳ್ಳಿಯ ಮೇಲೆ ಬದುಕುವ ಕೊಕಿನೀಲ್ ಎಂಬ ಕೀಟವನ್ನು ಒಣಗಿಸಿ ತೆಗೆಯುವ ಬಣ್ಣ, ಒಂದು ಪೌಂಡು ಸಾಮಗ್ರಿಗೆ ಸುಮಾರು 70,000 ಕೀಟಗಳು ಬೇಕೆಂದು ಲೆಕ್ಕ. ಇದೇ ಕಾರ್ಮೈನ್ ‘ಇ 120’ ಎಂಬ ಸಂಖ್ಯೆಯಲ್ಲಿ ತಿಂಡಿ ಪೊಟ್ಟಣಗಳ ಮೇಲೆಯೂ ಇರುವುದುಂಟು, ತಾಯಂದಿರು ಗಮನಿಸಬೇಕು. ಹೀಗೆ, ಹಿಂಸೆಯ ಆರು ಮೆಟ್ಟಿಲುಗಳನ್ನು ತೋರಿಸಬೇಕಾದ ಪಟದಲ್ಲಿ ಒಂದು ಹಣ್ಣಿನಿಂದಲೇ ತೃಪ್ತನಾದ ಸಜ್ಜನನ ಉತ್ತರೀಯಕ್ಕೆ ಸಾವಿರಾರು ತ್ರಸಜೀವಿಗಳ ಒಡಲು ಬೇಕಾಗುತ್ತಿತ್ತು.

ಅಂಗಡಿಯವರನ್ನು ಕೇಳಿದೆನು. ‘ಎಲ್ಲಾ ಕೆಮಿಕಲ್ ಸಾರ್’ ಎಂದರು. ನಾನೂ ವ್ಯಾಪಾರಿಯೇ ಆದುದರಿಂದ ಆ ಉತ್ತರದ ಬೆಲೆಯನ್ನು ಬಲ್ಲೆ. ತನಗೆ ತಿಳಿಯದ್ದನ್ನು ಕೇಳಿದಾಗ ಗಿರಾಕಿಗೆ ಹಿತವಾದುದನ್ನು ಹೇಳುವುದು ನಮ್ಮ ವೃತ್ತಿಯ ಹಳೆಯ ರೋಗ. ಬಣ್ಣದ ಹೆಸರನ್ನೂ ಅಂಗಡಿಯವರ ಮಾತನ್ನೂ ಬಿಟ್ಟು, ಒಳ್ಳೆಯ ತಯಾರಕರು ಕೊಳವೆಯ ಮೇಲೆ ಸಣ್ಣ ಅಕ್ಷರಗಳಲ್ಲಿ ಅಚ್ಚು ಹಾಕುವ ವರ್ಣಸಂಕೇತವನ್ನು ಓದಬೇಕು. ‘ಪಿ.ಬಿ.ಕೆ. 9’ ಎಂದಿದ್ದರೆ ಮೂಳೆಯ ಮಸಿ, ‘ಪಿ.ಬಿ.ಕೆ. 7’ ಎಂದಿದ್ದರೆ ಸಾಮಾನ್ಯವಾಗಿ ಖನಿಜ ಎಣ್ಣೆ ಅಥವಾ ಅನಿಲದ ಮಸಿ. ‘ಎನ್.ಆರ್. 4’ ಕೀಟದ ಕೆಂಪು. ‘ಎನ್.ಆರ್. 9’ ಮಂಜಿಷ್ಠದ ಜಾತಿಯ ಬೇರಿನ ಕೆಂಪು. ‘ಪಿ.ವಿ. 19’ ಕ್ವಿನಾಕ್ರಿಡೋನ್, 1958ರಿಂದ ಮಾರಾಟಕ್ಕೆ ಬಂದ ಕೃತಕ ವರ್ಣ. ಕಾರ್ಮೈನ್ ಬಿಸಿಲಿಗೆ ಮಾಸುತ್ತದೆ, ಕ್ವಿನಾಕ್ರಿಡೋನ್ ಬಹುಕಾಲ ನಿಲ್ಲುತ್ತದೆ. ಇಲ್ಲಿ ಅಹಿಂಸೆಗೂ ಬಾಳಿಕೆಗೂ ವಿರೋಧವಿಲ್ಲ. ಸಂಕೇತವನ್ನೇ ಮುದ್ರಿಸದ ಅಗ್ಗದ ಪೆಟ್ಟಿಗೆಗಳ ವಿಷಯದಲ್ಲಿ ತಯಾರಕರಿಗೆ ಪತ್ರ ಬರೆದು ಕೇಳುವುದೊಂದೇ ಉಪಾಯ.

ನನ್ನ ಕೃಷ್ಣಲೇಶ್ಯೆಗೆ ತೆಂಗಿನ ಕರಟದ ಇದ್ದಿಲನ್ನು ನುಣ್ಣಗೆ ಅರೆದು, ಬಟ್ಟೆಯಲ್ಲಿ ಸೋಸಿ, ಅಂಟಿನಲ್ಲಿ ಕಲಸಿದೆನು. ದೀಪದ ಕಾಡಿಗೆ ಇನ್ನೂ ಕಪ್ಪು, ಆದರೆ ದೀಪಕ್ಕೆ ಪತಂಗ ಬೀಳುವ ಭಯ. ಕರಟದ ಕಪ್ಪು ಸ್ವಲ್ಪ ಕಂದು ಛಾಯೆಯದು. ದುಂಬಿಯ ಮಿರುಗು ಬರಲಿಲ್ಲ, ಬುಡ ಕೀಳುವವನಿಗೆ ಅಷ್ಟು ಮಿರುಗಬೇಕಾದ ಅಗತ್ಯವೂ ಇಲ್ಲ. ಪಾರಿವಾಳದ ಬೂದು ಬಣ್ಣವು ನೀಲಿಯನ್ನೂ ಸುಟ್ಟ ಕಾವಿಯನ್ನೂ ಬೆರೆಸಿದಾಗ ಚೆನ್ನಾಗಿ ಒದಗಿತು. ಶುಕ್ಲಲೇಶ್ಯೆಯವನ ಉಡುಗೆಗೆ ಬಣ್ಣವನ್ನೇ ಹಚ್ಚಲಿಲ್ಲ, ಖಾದಿಯ ಬಟ್ಟೆಯನ್ನೇ ಬರಿದಾಗಿ ಬಿಟ್ಟೆನು.

ಪೂರ್ವಿಕರ ಬಣ್ಣಗಳೆಲ್ಲ ಶುದ್ಧ, ಈಗಿನವೆಲ್ಲ ಅಶುದ್ಧ ಎಂದು ಭಾವಿಸುವವರೂ ನಮ್ಮಲ್ಲಿದ್ದಾರೆ. ಇದು ಸರಿಯಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಚಿತ್ರದ ಭಿತ್ತಿಗೆ ಹೇಳಿರುವ ವಜ್ರಲೇಪವು ಎಮ್ಮೆಯ ಚರ್ಮವನ್ನು ಬೇಯಿಸಿ ತೆಗೆದ ಅಂಟು. ಕುಂಚಕ್ಕೆ ಕರುವಿನ ಕಿವಿಯ ಕೂದಲು, ಅದನ್ನು ಕೂಡಿಸಲು ಅರಗು. ಬಿಹಾರದ ಮುಂಗೇರ್ ಬಳಿಯ ಮಿರ್ಜಾಪುರದಲ್ಲಿ ಹಸುಗಳಿಗೆ ಮಾವಿನೆಲೆಯನ್ನು ತಿನ್ನಿಸಿ ಅವುಗಳ ಮೂತ್ರದಿಂದ ‘ಪಿಯೂರಿ’ ಎಂಬ ಹಳದಿಯನ್ನು ತಯಾರಿಸುತ್ತಿದ್ದುದನ್ನು ಟಿ. ಎನ್. ಮುಖರ್ಜಿಯವರು 1883ರಲ್ಲಿ ವರದಿ ಮಾಡಿದ್ದಾರೆ. ಆ ಹಸುಗಳ ಅನಾರೋಗ್ಯವೂ ಅದರಲ್ಲಿ ಬಂದಿದೆ. ಬರ್ಲಿನ್ನಿನಲ್ಲಿ 18ನೆಯ ಶತಮಾನದ ಆರಂಭದಲ್ಲಿ ದೊರೆತ ಪ್ರಷ್ಯನ್ ನೀಲಿಗೆ ಮೊದಮೊದಲು ಪ್ರಾಣಿಗಳ ರಕ್ತವೇ ಸಾಮಗ್ರಿಯಾಗಿತ್ತು, ಇಂದು ಅದು ಶುದ್ಧ ರಸಾಯನ. ಅದೇ ರೀತಿ ನಮ್ಮ ಮೈಸೂರು ಸಂಪ್ರದಾಯದ ಚಿತ್ರಕಾರರು ಅಳಿಲಿನ ಕೂದಲನ್ನು ಬಳಸುತ್ತಿದ್ದರು ಎಂಬುದು ಎಷ್ಟು ನಿಜವೋ, ಅತಿ ಸೂಕ್ಷ್ಮವಾದ ರೇಖೆಗೆ ಒಂದು ಜಾತಿಯ ಹುಲ್ಲಿನ ಮೊನೆಯನ್ನು ಬಳಸುತ್ತಿದ್ದರು ಎಂಬುದೂ ಅಷ್ಟೇ ನಿಜ. ಹಳೆಯದರಲ್ಲಿಯೂ ಹೊಸದರಲ್ಲಿಯೂ ಆಯ್ಕೆ ಮಾಡಬೇಕಾಗುತ್ತದೆ.

ಕುಂಚದ ಪ್ರಶ್ನೆ ಬಣ್ಣಕ್ಕಿಂತ ಕಠಿಣವಾದುದು. ಮುಂಗುಸಿಯನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ರಕ್ಷಿಸುತ್ತದೆ, ಅದರ ಕೂದಲಿನ ಕುಂಚಗಳ ವ್ಯಾಪಾರ ಅಪರಾಧ. ಹಾಗಿದ್ದೂ ದಾಳಿಗಳಲ್ಲಿ ಅವು ಸಿಕ್ಕಿಬೀಳುತ್ತಲೇ ಇವೆ. ಒಂದು ಪ್ರಾಣಿಯನ್ನು ಕೊಂದರೆ ದೊರೆಯುವ ಕೂದಲು ಕೆಲವು ಹತ್ತು ಗ್ರಾಂ ಮಾತ್ರ. ಗೃಹಸ್ಥನಿಗೆ ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳು ಪೂರ್ಣವಾಗಿ ತಪ್ಪವು. ಆದರೆ ಸಂಕಲ್ಪೀ ಹಿಂಸೆಯನ್ನು ಬಿಡಲೇಬೇಕು. ಕೂದಲಿಗಾಗಿಯೇ ಬೋನು ಇಟ್ಟು ಕೊಲ್ಲುವುದು ಸಂಕಲ್ಪವಲ್ಲದೆ ಮತ್ತೇನು? ಕೊಂದವನು ಬೇರೆ, ಕೊಂಡವನು ನಾನು ಎಂಬ ವಾದಕ್ಕೆ ಕೃತ, ಕಾರಿತ, ಅನುಮೋದನೆಗಳೆಂಬ ಮೂರು ಬಾಗಿಲುಗಳೂ ಮುಚ್ಚಿವೆ.

ಮೂಳೆಯ ಮಸಿಯ ವಿಷಯದಲ್ಲಿ ಸ್ನೇಹಿತರೊಬ್ಬರು ಬೇರೆ ವಾದವನ್ನು ಹೂಡಿದರು: ಪ್ರಾಣಿಯನ್ನು ಮಾಂಸಕ್ಕಾಗಿ ಕೊಂದಿರುತ್ತಾರೆ, ಮೂಳೆ ಹೇಗೂ ಬಿಸಾಡುವ ವಸ್ತು, ಅದನ್ನು ಬಳಸಿದವನಿಗೆ ಯಾವ ಪಾಪ? ಇದಕ್ಕೆ ಉತ್ತರ ನನಗೆ ಆಗಮದಲ್ಲಿ ದೊರೆಯುವುದಕ್ಕೆ ಮುನ್ನ ಬಿ.ಕಾಂ. ತರಗತಿಯ ಉತ್ಪಾದನಾ ವೆಚ್ಚದ ಲೆಕ್ಕದಲ್ಲಿ ದೊರೆಯಿತು. ಉಪೋತ್ಪನ್ನವನ್ನು ಮಾರಿ ಬಂದ ಹಣವನ್ನು ಮುಖ್ಯ ಉತ್ಪನ್ನದ ವೆಚ್ಚದಿಂದ ಕಳೆಯುವುದು ಎಲ್ಲ ವಾಣಿಜ್ಯ ವಿದ್ಯಾರ್ಥಿಗಳೂ ಕಲಿಯುವ ಪಾಠ. ಮೂಳೆಗೆ, ಚರ್ಮಕ್ಕೆ, ಪಿತ್ತಕ್ಕೆ ಕೊಳ್ಳುವವರಿದ್ದಾಗ ಕಸಾಯಿಖಾನೆಯ ವೆಚ್ಚ ಅಷ್ಟರಮಟ್ಟಿಗೆ ಇಳಿಯುತ್ತದೆ, ಲಾಭ ಅಷ್ಟರಮಟ್ಟಿಗೆ ಏರುತ್ತದೆ. ಬಿಸಾಡುವ ವಸ್ತುವಿಗೆ ಯಾರೂ ಹಣ ಕೊಡುವುದಿಲ್ಲ. ಹಣ ಕೊಟ್ಟ ಮೇಲೆ ಅದು ಬಿಸಾಡುವ ವಸ್ತುವಲ್ಲ. ಶ್ರಾವಕನಿಗೆ ನಿಷಿದ್ಧವಾದ ವ್ಯಾಪಾರಗಳಲ್ಲಿ ದಂತ, ಲಾಕ್ಷಾ, ರಸ, ಕೇಶ, ವಿಷ ಎಂಬ ಐದು ವಾಣಿಜ್ಯಗಳನ್ನು ಶಾಸ್ತ್ರಕಾರರು ಒಟ್ಟಿಗೆ ಹೇಳಿದ್ದಾರೆ. ಕೇಶವಾಣಿಜ್ಯವೆಂದರೆ ಕೂದಲುಳ್ಳ ಪ್ರಾಣಿಗಳ ಮಾರಾಟವೆಂದು ವ್ಯಾಖ್ಯಾನವಿದ್ದರೂ, ಈ ಐದನ್ನು ಓದಿದಾಗ ನನಗೆ ಚಿತ್ರಕಾರನ ಪೆಟ್ಟಿಗೆಯೇ ಕಣ್ಣಿಗೆ ಕಟ್ಟುತ್ತದೆ: ದಂತದ ಕಪ್ಪು, ಅರಗಿನ ಕೆಂಪು, ಮಧುವಿನ ರಸ, ಕೂದಲಿನ ಕುಂಚ, ಹರಿತಾಳದ ಮತ್ತು ಸೀಸದ ಬಿಳಿಯ ವಿಷ.

ಸ್ವಯಂ ಉದುರಿದ್ದನ್ನು ಸ್ವೀಕರಿಸಬಹುದೆಂಬುದಕ್ಕೆ ನಮ್ಮ ಮುನಿಗಳ ಕೈಯಲ್ಲಿರುವ ಮಯೂರಪಿಂಛಿಯೇ ಪ್ರಮಾಣ. ನವಿಲು ತಾನಾಗಿ ಬಿಟ್ಟ ಗರಿಗಳಿಂದ ಅದು ಆಗುತ್ತದೆ. ಬದುಕಿರುವ ಆಡಿನ ಕೂದಲನ್ನು ಕತ್ತರಿಸಿ ಮಾಡಿದ ಕುಂಚಕ್ಕೂ ಈ ನ್ಯಾಯವನ್ನು ಹಚ್ಚಬಹುದಾದರೂ, ಅದು ಬದುಕಿದ್ದ ಆಡಿನದೆಂದು ಅಂಗಡಿಯಲ್ಲಿ ಹೇಳುವವರಾರು? ಸಂದೇಹವಿದ್ದಲ್ಲಿ ನೈಲಾನ್ ಕುಂಚವೇ ಲೇಸು. ನೀರನ್ನು ಹಿಡಿದಿಡುವುದರಲ್ಲಿ ಅದು ಅಳಿಲಿನ ಕೂದಲಿಗೆ ಸಮವಲ್ಲ. ಈ ಕೊರತೆಯನ್ನು ನಾನು ಮರೆಮಾಚಲಾರೆ. ದೊಡ್ಡ ಆಕಾಶವನ್ನು ಒಂದೇ ಎಳೆತಕ್ಕೆ ತುಂಬುವ ಸುಖವು ನೈಲಾನಿನಲ್ಲಿ ಇಲ್ಲ, ಎರಡು ಬಾರಿ ಅದ್ದಬೇಕು.

ಪಟವು ಅರ್ಧವಾಗಿದ್ದಾಗ ಸ್ವಾಧ್ಯಾಯಕ್ಕೆ ಬರುವ ಹಿರಿಯ ಪಂಡಿತರು ನೋಡಿ, “ಶೆಟ್ಟರೇ, ಇಷ್ಟು ಶೋಧನೆ ಮಾಡುವ ಬದಲು ಬರೆಯುವುದನ್ನೇ ಬಿಟ್ಟರೆ ಹಿಂಸೆಯೇ ಇಲ್ಲವಲ್ಲ? ಪ್ರಯೋಜನವಿಲ್ಲದ್ದನ್ನು ಮಾಡುವುದು ಅನರ್ಥದಂಡವಲ್ಲವೆ?” ಎಂದರು. ಅವರ ಮಾತಿನಲ್ಲಿ ಹುರುಳಿದೆ. ಸಮಂತಭದ್ರಸ್ವಾಮಿಗಳು ರತ್ನಕರಂಡಕದಲ್ಲಿ ಅನರ್ಥದಂಡವನ್ನು ಐದು ವಿಧವಾಗಿ ವಿಭಾಗಿಸಿ, ಕಾರಣವಿಲ್ಲದೆ ನೆಲ ಅಗೆಯುವ, ನೀರು ಚೆಲ್ಲುವ ಪ್ರಮಾದಚರ್ಯೆಯನ್ನು ಅದರೊಳಗೆ ಸೇರಿಸಿದ್ದಾರೆ. ಹವ್ಯಾಸವೆಂಬ ಶಬ್ದವೇ ಪ್ರಯೋಜನವಿಲ್ಲದ ಕೆಲಸಕ್ಕೆ ಇಟ್ಟ ಮರ್ಯಾದೆಯ ಹೆಸರೆಂದು ಹೇಳಬಹುದು. ಲೇಶ್ಯಾವೃಕ್ಷದ ಪಟಕ್ಕೆ ಧರ್ಮಪ್ರಭಾವನೆಯ ಪ್ರಯೋಜನವಿದೆ ಎಂದು ನಾನು ತಪ್ಪಿಸಿಕೊಳ್ಳಬಹುದಾಗಿತ್ತು. ಆದರೆ ಚೆಂಡುಹೂವಿನ ರಾಶಿಗೆ ಆ ಪ್ರಯೋಜನವಿಲ್ಲ. “ಬರೆಯುವ ಮೂರು ಗಂಟೆ ಯಾರ ಮೇಲೂ ಕೋಪ ಬರುವುದಿಲ್ಲ, ಪಂಡಿತರೇ. ಅಂಗಡಿಯಲ್ಲಿ ಕುಳಿತಿದ್ದಾಗ ಹಾಗಿರಲಿಲ್ಲ” ಎಂದೆನು. “ಅದು ಕಷಾಯದ ಉಪಶಮವೋ, ರಾಗವೇ ಬೇರೆ ಕಡೆ ತಿರುಗಿದ್ದೋ?” ಎಂದು ಅವರು ಮರುಪ್ರಶ್ನೆ ಹಾಕಿದರು. ಈ ಪ್ರಶ್ನೆಗೆ ನನ್ನಲ್ಲಿ ಇಂದಿಗೂ ಪೂರ್ಣವಾದ ಉತ್ತರವಿಲ್ಲ. ಚೆಂದದ ಕೆಂಪನ್ನು ಕಂಡಾಗ ಮನಸ್ಸು ಅದಕ್ಕೆ ಅಂಟುವುದು ನಿಜ. ಪುದ್ಗಲದ ಗುಣಗಳಲ್ಲಿ ವರ್ಣವೂ ಒಂದು ಎಂದು ನಿತ್ಯ ಓದುವುದರಿಂದ ಆ ಅಂಟು ಬಿಡುವುದಿಲ್ಲ. ಪರಿಗ್ರಹಕ್ಕೆ ಮಾತ್ರ ಪರಿಮಾಣ ಮಾಡಿಕೊಂಡಿದ್ದೇನೆ: ಮನೆಯಲ್ಲಿ ಹನ್ನೆರಡು ಬಣ್ಣ, ಆರು ಕುಂಚ. ಒಂದು ಮುಗಿಯುವವರೆಗೆ ಇನ್ನೊಂದನ್ನು ತರುವಂತಿಲ್ಲ. ಹನ್ನೆರಡರಲ್ಲಿ ನೂರು ಛಾಯೆಗಳು ಬರುತ್ತವೆ, ಪೆಟ್ಟಿಗೆ ತುಂಬ ಬಣ್ಣ ಕೊಂಡವರಿಗಿಂತ ಬೆರೆಸಲು ಬಲ್ಲವರಿಗೆ ಹೆಚ್ಚು ಬಣ್ಣಗಳಿರುತ್ತವೆ.

ಬಸದಿಗಳ ಆಡಳಿತವನ್ನು ನೋಡಿಕೊಳ್ಳುವವರಿಗೆ ಒಂದು ವಿಜ್ಞಾಪನೆ ಉಳಿದಿದೆ. ಜೀರ್ಣೋದ್ಧಾರದ ಹೆಸರಿನಲ್ಲಿ ಬಳಪದ ಕಲ್ಲಿನ ಕಂಬಗಳಿಗೆ, ಹಳೆಯ ಗಾರೆಯ ಗೋಡೆಗಳಿಗೆ, ಕೆಲವೆಡೆ ಮಾಸಿದ ಭಿತ್ತಿಚಿತ್ರಗಳಿಗೇ ಹೊಳಪಿನ ಎನಾಮೆಲ್ ಬಣ್ಣವನ್ನು ಬಳಿಯುವುದು ಹೆಚ್ಚುತ್ತಿದೆ. ಎನಾಮೆಲ್ ಗೋಡೆಯ ಮೇಲೆ ಗಾಳಿಯಾಡದ ಪೊರೆಯಾಗಿ ಕೂರುತ್ತದೆ. ಒಳಗಿನ ತೇವಕ್ಕೆ ಹೊರಬರಲು ದಾರಿಯಿಲ್ಲದೆ ಗಾರೆಯು ಉಪ್ಪು ಕಾರಿ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ, ಜೊತೆಗೆ ಹಳೆಯ ಚಿತ್ರವೂ ಏಳುತ್ತದೆ. ಆಮೇಲೆ ಕ್ಷಾರ ಹಾಕಿ ಉಜ್ಜಿದರೆ ಕಲ್ಲಿನ ಕೆತ್ತನೆಯ ಮೊನೆಗಳೂ ಹೋಗುತ್ತವೆ. ಬೆಂಗಳೂರಿನಲ್ಲಿ ಇಂಟ್ಯಾಕ್ ಸಂಸ್ಥೆಯ ಕಲಾಸಂರಕ್ಷಣಾ ಕೇಂದ್ರವಿದೆ, ಪುರಾತತ್ತ್ವ ಇಲಾಖೆಯಿದೆ, ಅವರನ್ನು ಕೇಳದೆ ಡಬ್ಬಿಯ ಮುಚ್ಚಳ ತೆಗೆಯಬಾರದು. ಹೊಸ ಗೋಡೆಗೆ ಸುಣ್ಣ ಮತ್ತು ಕಾವಿ ಸಾಕು, ಅದಕ್ಕೆ ಅಂಟು ಬೇಕಾದರೆ ಮರದ ಅಂಟೇ ಇರಲಿ ಎಂದು ಗುತ್ತಿಗೆದಾರರಿಗೆ ಬರವಣಿಗೆಯಲ್ಲಿ ಕೊಡಬೇಕು.

ನಮ್ಮ ಬಸದಿಯ ನವರಂಗದ ನಾಲ್ಕು ಕಂಬಗಳಿಗೆ ಹಿಂದೆ ಯಾರೋ ಹಚ್ಚಿಸಿದ ಹಸಿರು ಎನಾಮೆಲ್ ಇಂದಿಗೂ ಇದೆ. ಈ ವರ್ಷ ಅದರ ಮೇಲೆ ಚಿನ್ನದ ಬಣ್ಣ ಬಳಿಸಲು ದಾನಿಗಳೊಬ್ಬರು ಮುಂದೆ ಬಂದಿದ್ದಾರೆ. ಆ ಹಣದಲ್ಲಿ ಹಸಿರನ್ನು ತಜ್ಞರಿಂದ ತೆಗೆಸಬೇಕೆಂದು ನಾನು ಸಮಿತಿಗೆ ಬರೆದುಕೊಟ್ಟಿದ್ದೇನೆ. ಇಬ್ಬರು ಸದಸ್ಯರು ಒಪ್ಪಿದ್ದಾರೆ. ಕಲ್ಲು ಬರಿದಾಗಿ ಕಂಡರೆ ದಾನಿಗಳಿಗೆ ತಮ್ಮ ದಾನ ಕಾಣುವುದಿಲ್ಲವೆಂಬುದು ಮಿಕ್ಕವರ ಚಿಂತೆ. ಮುಂದಿನ ಅಷ್ಟಾಹ್ನಿಕದೊಳಗೆ ಸಭೆ ಸೇರಲಿದೆ.